ಅಕ್ಷರ ಹತ್ತಂಗಿಲ್ಲ ಅಂದವರು ಯಾರು?

1

ಸಂಜೆ ಆರರ ಮೇಲೆ ಹುಬ್ಬಳ್ಳಿಯ ದುರ್ಗದಬೈಲಿಗೆ ಬಂದು ನಿಲ್ಲಿರಿ. ಹಿಂದೊಮ್ಮೆ ಕೋಟೆ ಇದ್ದ ಜಾಗ, ಅದಕ್ಕೇ ದುರ್ಗದ ಬಯಲು. ಈಗ ಕೋಟೆ ಇಲ್ಲ. ಗಿರಮಿಟ್ಟು, ಮಿರ್ಚಿಯ ಗಾಡಿಗಳಿವೆ, ಅರಿವೆ ಅಂಗಡಿಗಳಿವೆ, ಪಾತ್ರೆ ಅಂಗಡಿಗಳಿವೆ, ನಡುವೆ ದಾರಿ ಬಿಡಿಸಿಕೊಂಡು ಹೋಗುವ ಕೈಗಾಡಿಗಳಿವೆ. ತಲೆ ಎತ್ತಿದರೆ ನಾಲ್ಕೂ ಕಡೆ ಅಕ್ಷರ. ಅಂಗಡಿಯ ಬೋರ್ಡು, ಗಾಡಿಯ ದರಪಟ್ಟಿ, ಗೋಡೆಯ ಭಿತ್ತಿಪತ್ರ, ಮುಗಿದ ಸಭೆಯ ಹರಿದ ಬ್ಯಾನರು. ಓದು ಬಂದವರಿಗೆ ಇದೆಲ್ಲ ಕಣ್ಣಿಗೆ ಬಿದ್ದದ್ದೂ ತಿಳಿಯುವುದಿಲ್ಲ. ಓದು ಬಾರದವನಿಗೆ ಈ ಬಯಲು ಇಂದಿಗೂ ಕೋಟೆಯೇ.

ಈ ಬಯಲಿನೊಳಗೆ ನಮ್ಮ ಅಣ್ಣ ಹನ್ನೆರಡು ವರ್ಷದಿಂದ ಕೈಗಾಡಿ ನೂಕುತ್ತಾನೆ. ಲಾರಿಯಿಂದ ಇಳಿದ ಅರಿವೆಯ ಗಂಟುಗಳನ್ನು ಅಂಗಡಿ ಅಂಗಡಿಗೆ ಮುಟ್ಟಿಸುವುದು ಅವನ ಕೆಲಸ. ಯಾವ ಅಂಗಡಿ ಎಲ್ಲಿ ಅಂತ ಅವನಿಗೆ ಗೊತ್ತು, ಆದರೆ ಬೋರ್ಡು ನೋಡಿ ಅಲ್ಲ. 'ನೀಲಿ ಬಾಗಲದವರು', 'ಮೂರು ಮೆಟ್ಟಲದವರು', 'ಗಡಿಯಾರ ನಿಂತವರು' ಹೀಗೆ ಅವನದೇ ಒಂದು ಪಟ್ಟಿ. ಯಾರಿಗೆ ಎಷ್ಟು ಗಂಟು, ಯಾರಿಂದ ಎಷ್ಟು ಹಮಾಲಿ ಬರಬೇಕು, ಹೋದ ವಾರದ ಬಾಕಿ ಎಷ್ಟು, ಎಲ್ಲ ತಲೆಯಲ್ಲಿ. ಪೈಸೆ ತಪ್ಪುವುದಿಲ್ಲ. ಅಂಗಡಿಯವರೇ ತಮ್ಮ ಲೆಕ್ಕ ಅವನ ಹತ್ತಿರ ತಾಳೆ ನೋಡುತ್ತಾರೆ. ಹೊಸ ಅಂಗಡಿ ಬಂದಾಗ ಮಾತ್ರ ನಮಗೆ ಫೋನು ಹಚ್ಚುತ್ತಾನೆ. ಫೋಟೋ ಕಳಿಸಿ, "ತಮ್ಮಾ, ಆ ಬೋರ್ಡಿನ್ಯಾಗ ಏನ್ ಬರದಾರ ನೋಡು" ಅನ್ನುತ್ತಾನೆ.

ನಾವಿಬ್ಬರೂ ಒಂದೇ ಸಾಲಿಗೆ ಹೋದವರು. ಅವನ ಪಾಟಿಯೇ ನಮಗೆ ಬಂದದ್ದು. ಐದನೆಯ ಇಯತ್ತೆಯಲ್ಲಿ ಅವನು ಪಾಠವನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ. ಸಾಲಿನ ಕೊನೆ ಮುಟ್ಟುವುದರೊಳಗೆ ಸಾಲಿನ ಮೊದಲು ಮರೆತು ಹೋಗಿರುತ್ತಿತ್ತು. ಕೊಂಬು ಹೋಗಿ ಗುಡಿಸು ಆಗುತ್ತಿತ್ತು, ಒತ್ತು ಬಿಟ್ಟೇ ಹೋಗುತ್ತಿತ್ತು. ಬಾಯಿಲೆ ಕೇಳಿದರೆ ಉತ್ತರ ಹೇಳುತ್ತಿದ್ದ, ಬರೆಯೆಂದರೆ ಬೆವರುತ್ತಿದ್ದ. ಒಂದು ದಿನ ಮಾಸ್ತರರು ಅಪ್ಪನನ್ನು ಕರೆಸಿದರು. "ಇವಗ ಅಕ್ಷರ ತಲಿಗೆ ಹತ್ತಂಗಿಲ್ಲ. ನಿಮ್ಮ ಮಂದ್ಯಾಗ ಹಿಂಗ. ದುಡಿಯಾಕ ಹಚ್ಚರಿ" ಅಂದರು. ಅಪ್ಪ ಕೈ ಮುಗಿದು ಬಂದ. ಎರಡು ವರ್ಷ ಬಿಟ್ಟು ನಾವು ಅದೇ ಇಯತ್ತೆಯಲ್ಲಿ ಮೊದಲಿಗರಾದಾಗ ಅದೇ ಮಾಸ್ತರರು ಇನ್ನೊಬ್ಬರಿಗೆ ಹೇಳಿದ್ದು ನಮ್ಮ ಕಿವಿಗೆ ಬಿತ್ತು: "ಇದೊಂದು ಹ್ಯಾಂಗೋ ಹುಟ್ಟೇತಿ."

ನೋಡಿರಿ ಈ ಲೆಕ್ಕ. ಅಣ್ಣ ಸೋತದ್ದು ಜಾತಿಯ ಖಾತೆಗೆ, ನಾವು ಗೆದ್ದದ್ದು ಅಪಘಾತದ ಖಾತೆಗೆ. ಕಲಿಸುವವನ ಖಾತೆಗೆ ಯಾವುದೂ ಇಲ್ಲ.

ಈಗ ಅಣ್ಣನ ಮಗ ಎರಡನೆಯ ಇಯತ್ತೆಯಲ್ಲಿದ್ದಾನೆ. ಅವನೂ ಕೊಂಬಿಗೆ ಗುಡಿಸು ಓದುತ್ತಾನೆ, ಅವನೂ ಸಾಲಿನ ನಡುವೆ ಕಳೆದುಹೋಗುತ್ತಾನೆ. ಅದನ್ನು ನೋಡಿದ ದಿನ ನಮ್ಮ ಹೊಟ್ಟೆಯಲ್ಲಿ ತಣ್ಣಗಾಯಿತು. 'ಅಕ್ಷರ ಹತ್ತಂಗಿಲ್ಲ' ಎಂಬ ಮಾತು ಎಲ್ಲಿಂದ ಬಂತು, ಅದನ್ನು ಮೊದಲು ಯಾರು ಅಂದರು, ಅದಕ್ಕೆ ಎದುರಾಡಿದವರು ಯಾರು ಅಂತ ಹುಡುಕಿಕೊಂಡು ಹೋದೆವು. ಈ ಲೇಖನ ಆ ಹುಡುಕಾಟದ್ದು.

2

ಮೊದಲ ಕಾಗದ ನಮ್ಮ ಮಗ್ಗಲಿನ ಊರಿನದೇ. ಹುಬ್ಬಳ್ಳಿಯಿಂದ ಇಪ್ಪತ್ತು ಕಿಲೋಮೀಟರ್ ದೂರದ ಧಾರವಾಡದ್ದು.

1854ರಲ್ಲಿ ಇಂಗ್ಲೆಂಡಿನಿಂದ ಚಾರ್ಲ್ಸ್ ವುಡ್ಡನ ಶಿಕ್ಷಣ ಆಜ್ಞಾಪತ್ರ ಬಂದಿತ್ತು. ಮೇಲಿನ ಕೆಲವರಿಗೆ ಕಲಿಸಿದರೆ ಸಾಲದು, ಜನಸಾಮಾನ್ಯರಿಗೂ ವಿದ್ಯೆ ಮುಟ್ಟಬೇಕು ಎಂಬ ಮಾತು ಅದರಲ್ಲಿತ್ತು. ಅದನ್ನು ನಂಬಿ 1856ರಲ್ಲಿ ಒಬ್ಬ ಮಹಾರ ಹುಡುಗ ಧಾರವಾಡದ ಸರಕಾರಿ ಶಾಲೆಯಲ್ಲಿ ಪ್ರವೇಶ ಕೇಳಿ ಅರ್ಜಿ ಹಾಕಿದ. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಜುಲೈ 21ರಂದು ಮುಂಬಯಿ ಸರಕಾರ ಠರಾವು ಬರೆಯಿತು. ಅರ್ಜಿದಾರನ ಕಡೆಗೆ ನ್ಯಾಯ ಇದೆ ಅಂತ ಸರಕಾರ ತಾನೇ ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೆ, ಒಬ್ಬಿಬ್ಬರ ಸಲುವಾಗಿ ಶತಮಾನಗಳ ಪೂರ್ವಗ್ರಹಕ್ಕೆ ಒಮ್ಮೆಲೇ ಕೈ ಹಾಕಿದರೆ ಶಿಕ್ಷಣದ ಕಾರ್ಯಕ್ಕೇ ಹಾನಿ ಎಂದು ಬಾಗಿಲು ಹಾಕಿತು. ಈ ಠರಾವಿನಲ್ಲಿ ಆ ಹುಡುಗನ ಜಾತಿ ಇದೆ, ಹೆಸರಿಲ್ಲ.

1857ರ ಜನವರಿಯಲ್ಲಿ ಕಲಕತ್ತೆಯ ಭಾರತ ಸರಕಾರ, ಈ ಹುಡುಗನನ್ನು ಬಂಗಾಳ ಪ್ರಾಂತದ ಯಾವ ಸರಕಾರಿ ಶಾಲೆಯೂ ಹೊರಗೆ ನಿಲ್ಲಿಸುತ್ತಿರಲಿಲ್ಲ ಅಂತ ಬರೆಯಿತು. 1858ರ ಏಪ್ರಿಲಿನಲ್ಲಿ ಲಂಡನ್ನಿನ ಕಂಪನಿ ಡೈರೆಕ್ಟರುಗಳು ಸರಕಾರಿ ಶಾಲೆ ಎಲ್ಲ ವರ್ಗಗಳಿಗೂ ತೆರೆದದ್ದು ಅಂತ ಬರೆದರು. ಕಾಗದದ ಮೇಲೆ ಕಾಗದ. ಎಪ್ಪತ್ತು ವರ್ಷದ ಮೇಲೆ, 1928ರಲ್ಲಿ, ಸೈಮನ್ ಕಮಿಷನ್ನಿಗೆ ಸಲ್ಲಿಸಿದ ಹೇಳಿಕೆಯಲ್ಲಿ ಬಾಬಾಸಾಹೇಬ ಅಂಬೇಡ್ಕರರು ಧಾರವಾಡದ ಈ ಪ್ರಕರಣವನ್ನು ಎತ್ತಿ ತೋರಿಸಿದರು. ತಾವೇ ಮನೆಯಿಂದ ಗೋಣಿತಟ್ಟು ಒಯ್ದು ತರಗತಿಯ ಮೂಲೆಯಲ್ಲಿ ಕೂತು ಕಲಿತವರಿಗೆ ಆ ಹುಡುಗನ ಹೆಸರು ಬೇಕಾಗಿರಲಿಲ್ಲ.

ಇದರ ಪಕ್ಕಕ್ಕೆ ಇನ್ನೊಂದು ಸಂಗತಿ ಇಟ್ಟು ನೋಡಬೇಕು. ಧಾರವಾಡದ ಅರ್ಜಿಗೆ ಒಂದು ವರ್ಷ ಮೊದಲು, 1855ರಲ್ಲಿ, ಪುಣೆಯಲ್ಲಿ ಮುಕ್ತಾ ಸಾಳ್ವೆ ಎಂಬ ಮಾಂಗ ಜಾತಿಯ ಹುಡುಗಿ ಒಂದು ಪ್ರಬಂಧ ಬರೆದಳು. ಮಾಂಗ ಮಹಾರರ ದುಃಖದ ಬಗ್ಗೆ ಬರೆದ ಆ ಪ್ರಬಂಧ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಧರ್ಮಶಾಸ್ತ್ರದವರನ್ನು ನಿಲ್ಲಿಸಿ ಪ್ರಶ್ನೆ ಕೇಳಿದ ಬರಹ ಅದು. ಅವಳು ಕಲಿತದ್ದು ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆಯವರ ಶಾಲೆಯಲ್ಲಿ.

ಮಾಂಗರೆಂದರೆ ನಮ್ಮ ಕಡೆಯ ಮಾದಿಗರ ಬಳಗವೇ. ಧಾರವಾಡದಲ್ಲಿ ಬಾಗಿಲು ಹಾಕಿಸಿಕೊಂಡವರ ಒಡಹುಟ್ಟು ಪುಣೆಯಲ್ಲಿ ಲೇಖಕಿ. ನಡುವೆ ವ್ಯತ್ಯಾಸವಾದದ್ದು ಏನು? ತಲೆಯಲ್ಲ, ರಕ್ತವಲ್ಲ. ಅಲ್ಲಿ ಬಾಗಿಲು ತೆರೆದಿತ್ತು, ಒಳಗೆ ಕಲಿಸಲು ಕಲಿತವರಿದ್ದರು. ಈ ಎರಡನೆಯ ಮಾತನ್ನು ನಮ್ಮ ಚಳವಳಿ ಸಾಕಷ್ಟು ಗಟ್ಟಿಯಾಗಿ ಹೇಳಿಲ್ಲ. ಸಾವಿತ್ರಿಬಾಯಿ ಬರೀ ಕರುಣೆಯಿಂದ ಅಕ್ಕೋರಾದವರಲ್ಲ. ಅಹಮದನಗರದಲ್ಲಿ, ಪುಣೆಯಲ್ಲಿ ಮಾಸ್ತರಿಕೆಯ ತರಬೇತಿ ಪಡೆದವರು. ಕಲಿಸುವುದನ್ನು ಒಂದು ಕಸುಬೆಂದು ಕಲಿತವರು.

3

ಕಲಿಸುವುದು ಕಸುಬು, ಅದನ್ನು ಕಲಿಯದೆ ಬರುವುದಿಲ್ಲ ಅಂತ ಜ್ಯೋತಿಬಾ ಸರಕಾರಕ್ಕೆ ಬರೆದುಕೊಟ್ಟದ್ದು 1882ರಲ್ಲಿ, ಹಂಟರ್ ಕಮಿಷನ್ನಿನ ಮುಂದೆ. ಪ್ರಾಥಮಿಕ ಶಾಲೆಯ ಮಾಸ್ತರರು ಹೆಚ್ಚೂಕಡಿಮೆ ಎಲ್ಲರೂ ಬ್ರಾಹ್ಮಣರೇ ಇದ್ದಾರೆ. ತರಬೇತಾದವರನ್ನು ನೇಮಿಸಿರಿ, ಅವರನ್ನು ಆದಷ್ಟು ಒಕ್ಕಲುಮಕ್ಕಳ ವರ್ಗದಿಂದ ತೆಗೆದುಕೊಳ್ಳಿರಿ. ಮಕ್ಕಳೊಂದಿಗೆ ಸರಳವಾಗಿ ಬೆರೆಯುವ, ಹೊತ್ತು ಬಂದರೆ ನೇಗಿಲ ಹಿಡಿಯಲೂ ಬಲ್ಲ ಮನುಷ್ಯರು ಬೇಕು. ಅವರಿಗೆ ಮರ್ಯಾದೆಯ ಸಂಬಳ ಕೊಡಿರಿ. ಅವರ ಮಾತಿನ ಸಾರ ಇದು. ಹುಡುಗ ಯಾಕೆ ಕಲಿಯಲಿಲ್ಲ ಎಂಬ ಪ್ರಶ್ನೆಯನ್ನು, ಕಲಿಸುವವನು ಯಾರು, ಅವನು ಏನು ಕಲಿತು ಬಂದಿದ್ದಾನೆ ಎಂದು ತಿರುಗಿಸಿದವರು ಅವರು.

ನಮ್ಮ ಕಡೆಗೆ ಬರೋಣ. ಸರಕಾರಿ ಸಾಲಿಗಳಿಗಿಂತ ಮೊದಲು ಇಲ್ಲಿ ಐಗಳ ಗಾಂವಠಿ ಶಾಲೆಗಳಿದ್ದವು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುವುದು, ಬಾಯಿಲೆ ಅನ್ನಿಸುವುದು, ತಪ್ಪಿದರೆ ಛಡಿ, ಇನ್ನೂ ತಪ್ಪಿದರೆ ಹಗ್ಗಕ್ಕೆ ಜೋತುಬೀಳಿಸುವ ಕೋದಂಡ. ಆಮೇಲೆ ಕಂಪನಿ ಸರಕಾರದ ಶಾಲೆಗಳು ಬಂದವು. ಅವು ಬಹಳ ದಿನ ಕನ್ನಡದ ಮಕ್ಕಳಿಗೆ ಮರಾಠಿಯಲ್ಲಿ ಕಲಿಸಿದವು. ಮನೆಯ ಮಾತೊಂದು, ಪಾಟಿಯ ಮಾತೊಂದು. ಇದನ್ನು ಮುರಿಯಲು ಧಾರವಾಡದಲ್ಲಿ ದೊಡ್ಡ ಕೆಲಸ ನಡೆಯಿತು. ಕನ್ನಡ ಮಾಸ್ತರರನ್ನು ತಯಾರು ಮಾಡುವ ನಾರ್ಮಲ್ ಸ್ಕೂಲು, ಮುಂದೆ ಟ್ರೇನಿಂಗ್ ಕಾಲೇಜು, ಅಲ್ಲಿ ಬೆಳೆಯಿತು. ಅದರ ಮುಖ್ಯಸ್ಥರಾಗಿದ್ದ, ಆಮೇಲೆ ಡೆಪ್ಯುಟಿ ಇನ್ಸ್‌ಪೆಕ್ಟರರಾಗಿ ಊರೂರು ತಿರುಗಿದ ಡೆಪ್ಯುಟಿ ಚೆನ್ನಬಸಪ್ಪನವರು 1881ರಲ್ಲಿ ತೀರಿಕೊಳ್ಳುವ ತನಕ ಕನ್ನಡ ಶಾಲೆಗಾಗಿ ದುಡಿದರು. ಮಾಸ್ತರರಿಗೆಂದೇ ಪತ್ರಿಕೆಯೂ ಆ ಕಾಲದಲ್ಲೇ ಧಾರವಾಡದಿಂದ ಹೊರಟಿತು. ಕನ್ನಡದಲ್ಲಿ ಅಕ್ಷರ ಕಲಿತ ಯಾರೂ ಈ ಋಣ ಮರೆಯಬಾರದು, ನಾವೂ ಮರೆಯುವುದಿಲ್ಲ.

ಆದರೆ ಕನ್ನಡಕ್ಕೆ ತೆರೆದ ಬಾಗಿಲು ಕನ್ನಡವನ್ನೇ ಆಡುವ ನಮ್ಮ ಕೇರಿಗೆ ತೆರೆಯಲು ಮತ್ತೆ ಅರ್ಧ ಶತಮಾನ ಬೇಕಾಯಿತು. 1923ರ ಆಗಸ್ಟಿನಲ್ಲಿ ಎಸ್. ಕೆ. ಬೋಲೆಯವರು ಮುಂಬಯಿ ಕೌನ್ಸಿಲಿನಲ್ಲಿ ಠರಾವು ತಂದರು: ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆಗಳ ಜೊತೆಗೆ ಸರಕಾರಿ ಶಾಲೆಗಳೂ ಅಸ್ಪೃಶ್ಯರಿಗೆ ತೆರೆದಿರಬೇಕು. 1928ರಲ್ಲಿ ಅಂಬೇಡ್ಕರರು ದಲಿತ ವರ್ಗಗಳ ಶಿಕ್ಷಣಕ್ಕಾಗಿ ಸಂಸ್ಥೆ ಕಟ್ಟಿದರು. ಅದರ ಕೆಳಗೆ ನಡೆದ ವಸತಿಗೃಹಗಳಲ್ಲಿ ಒಂದು ಧಾರವಾಡದ್ದು. 1856ರಲ್ಲಿ ಒಬ್ಬ ಹುಡುಗನನ್ನು ಹೊರಗೆ ನಿಲ್ಲಿಸಿದ ಊರಿನಲ್ಲಿ ನಮ್ಮ ಹುಡುಗರು ಉಂಡು, ಮಲಗಿ, ಓದುವ ಮನೆ ಎದ್ದಿತು. 1930ರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲರು ಮತ್ತು ನಾಗಮ್ಮನವರು ದಲಿತ ಹೆಣ್ಣುಮಕ್ಕಳಿಗೆ ಬಾಲಿಕಾಶ್ರಮ ನಡೆಸಿದರು.

ಬಾಗಿಲು ತೆರೆಯಿತು. ಒಳಗೆ ಹೋದ ಮೇಲೆ ಏನಾಯಿತು? ಮೊದಲು ಪಡಸಾಲೆಯಲ್ಲಿ ಕೂಡ್ರಿಸಿದರು, ಆಮೇಲೆ ಹಿಂದಿನ ಸಾಲಿನಲ್ಲಿ. ಪಡಸಾಲೆ ಕಾನೂನಿನಿಂದ ಹೋಯಿತು. ಹಿಂದಿನ ಸಾಲು ಹೋಗಲಿಲ್ಲ, ಯಾಕೆಂದರೆ ಅದಕ್ಕೊಂದು ಹೊಸ ಹೆಸರು ಸಿಕ್ಕಿತು: ದಡ್ಡರ ಸಾಲು. ಮುಟ್ಟಬಾರದವನು ಅನ್ನುವುದು ಅಪರಾಧವಾದ ಮೇಲೆ ಕಲಿಯಲಾರದವನು ಅನ್ನುವುದು ಸುಲಭವಾಯಿತು. ಇದಕ್ಕೆ ಯಾವ ಕೋರ್ಟಿನಲ್ಲೂ ಖಟ್ಲೆ ಇಲ್ಲ.

4

ನಮ್ಮಲ್ಲಿ ಹೀಗಿರುವಾಗ ಹೊರಗಿನ ಲೋಕ ಓದಲು ಬಾರದ ಮಕ್ಕಳ ಬಗ್ಗೆ ಏನು ಯೋಚಿಸುತ್ತಿತ್ತು?

1896ರ ನವೆಂಬರಿನಲ್ಲಿ ಇಂಗ್ಲೆಂಡಿನ ಸಸೆಕ್ಸಿನ ಡಾಕ್ಟರು ಪ್ರಿಂಗಲ್ ಮಾರ್ಗನ್ ವೈದ್ಯಪತ್ರಿಕೆಯೊಂದರಲ್ಲಿ ಪರ್ಸಿ ಎಂಬ ಹದಿನಾಲ್ಕು ವರ್ಷದ ಹುಡುಗನ ಬಗ್ಗೆ ಬರೆದ. ಹುಡುಗ ಚುರುಕು, ಆಟದಲ್ಲಿ ಮುಂದು, ಲೆಕ್ಕ ಬರುತ್ತದೆ. ಏಳು ವರ್ಷದಿಂದ ಮನೆಪಾಠದವರು ಕಲಿಸುತ್ತಿದ್ದಾರೆ. ಆದರೂ ಓದಲು ಬಾರದು. ತನ್ನ ಹೆಸರನ್ನೇ ಅಕ್ಷರ ಹಿಂದುಮುಂದಾಗಿ 'ಪ್ರೆಸಿ' ಅಂತ ಬರೆಯುತ್ತಾನೆ. ಪಾಠವೆಲ್ಲ ಬಾಯಿಮಾತಿನಲ್ಲೇ ಇದ್ದಿದ್ದರೆ ಶಾಲೆಗೇ ಜಾಣ ಇವನಾಗುತ್ತಿದ್ದ ಅಂತ ಅವನ ಮಾಸ್ತರರೇ ಹೇಳಿದ್ದರು. ಇದು ದಡ್ಡತನವಲ್ಲ, ಹುಟ್ಟಿನಿಂದ ಬಂದ ಒಂದು ಬಗೆಯ 'ಶಬ್ದಗುರುಡು' ಎಂದು ಮಾರ್ಗನ್ ಹೆಸರಿಟ್ಟ. ಅದಕ್ಕೂ ಮೊದಲು, 1887ರಲ್ಲಿ, ಜರ್ಮನಿಯ ಕಣ್ಣಿನ ಡಾಕ್ಟರು ರುಡಾಲ್ಫ್ ಬರ್ಲಿನ್ ಮೆದುಳಿಗೆ ಪೆಟ್ಟಾಗಿ ಓದು ಕಳೆದುಕೊಂಡ ದೊಡ್ಡವರಿಗಾಗಿ ಒಂದು ಶಬ್ದ ಕಟ್ಟಿದ್ದ: ಡಿಸ್ಲೆಕ್ಸಿಯಾ. ಮುಂದೆ ಅದೇ ಶಬ್ದ ಇಂಥ ಮಕ್ಕಳಿಗೂ ಬಂತು.

ಈ ಪರ್ಸಿಯ ಕಥೆ ಓದಿದಾಗ ನಮಗೆ ಬೇರೆ ಯಾರೂ ಕಾಣಲಿಲ್ಲ. ಕೈಗಾಡಿ ನೂಕುವ ಅಣ್ಣ ಕಂಡ.

ಇಂದು ತಜ್ಞರು ಹೇಳುವುದು ಇಷ್ಟು. ಇದು ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯಲ್ಲ, ಸೋಮಾರಿತನವಲ್ಲ. ಆಡುವ ಮಾತನ್ನು ಸಣ್ಣ ಸಣ್ಣ ಧ್ವನಿಗಳಾಗಿ ಬಿಡಿಸಿ, ಆ ಧ್ವನಿಗೆ ಈ ಗುರುತು ಅಂತ ಗಂಟುಹಾಕುವ ಕೆಲಸ ಕೆಲವು ಮಕ್ಕಳಿಗೆ ಬಹಳ ತ್ರಾಸು. ಮನೆತನದಲ್ಲಿ ಹರಿದು ಬರುವುದೂ ಉಂಟು. ಸಾಹುಕಾರನ ಮಗನಿಗೂ ಬರುತ್ತದೆ, ಹಮಾಲನ ಮಗನಿಗೂ ಬರುತ್ತದೆ. ಅದಕ್ಕೆ ಔಷಧದ ಗುಳಿಗೆ ಇಲ್ಲ. ಇರುವ ಮದ್ದು ಒಂದೇ: ಬೇರೆ ರೀತಿ ಕಲಿಸುವುದು.

ಆ ಬೇರೆ ರೀತಿಯನ್ನು ಕಟ್ಟಿದ್ದರಲ್ಲಿ ಅಕ್ಕೋರುಗಳ ಪಾಲು ದೊಡ್ಡದು. 1930ರ ದಶಕದಲ್ಲಿ ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಎಂಬ ನರವೈದ್ಯನ ಜೊತೆ ಕೂಡಿ ಆನ್ನಾ ಗಿಲಿಂಗ್‌ಹ್ಯಾಮ್, ಬೆಸ್ಸಿ ಸ್ಟಿಲ್‌ಮನ್ ಎಂಬ ಇಬ್ಬರು ಪದ್ಧತಿಯೊಂದನ್ನು ಮಾಡಿದರು. ಒಂದು ಧ್ವನಿ, ಒಂದು ಅಕ್ಷರ. ಅದು ಗಟ್ಟಿಯಾಗುವ ತನಕ ಮುಂದೆ ಹೋಗಬಾರದು. ಕಣ್ಣಿಂದ ನೋಡಬೇಕು, ಬಾಯಿಂದ ಅನ್ನಬೇಕು, ಕಿವಿಯಿಂದ ಕೇಳಬೇಕು, ಬೆರಳಿಂದ ತಿದ್ದಬೇಕು, ನಾಲ್ಕೂ ಒಮ್ಮೆಲೇ. ನಮ್ಮ ಐಗಳ ಮರಳು ನೆನಪಾಗುತ್ತದಲ್ಲ? ಮರಳೇನೋ ನಮ್ಮಲ್ಲೂ ಇತ್ತು. ಆದರೆ ಐಗಳ ಎಡಗೈಯಲ್ಲಿ ಮಗುವಿನ ಬೆರಳು, ಬಲಗೈಯಲ್ಲಿ ಛಡಿ. ಆ ಮರಳಿನ ಮುಂದೆ ನಮ್ಮ ಕೇರಿಯ ಮಗುವಿಗೆ ಜಾಗವೂ ಇರಲಿಲ್ಲ.

ಇನ್ನು ಮುಖ್ಯ ಮಾತಿಗೆ ಬರುತ್ತೇವೆ. 1968ರಲ್ಲಿ ಲೋಕದ ನರವೈದ್ಯರ ಒಕ್ಕೂಟ ಡಿಸ್ಲೆಕ್ಸಿಯಾಕ್ಕೆ ಒಂದು ಲಕ್ಷಣ ಬರೆಯಿತು. ಸರಿಯಾದ ಪಾಠ, ಸಾಕಷ್ಟು ಬುದ್ಧಿ, ಸಾಮಾಜಿಕ ಸಾಂಸ್ಕೃತಿಕ ಅವಕಾಶ, ಈ ಮೂರೂ ಇದ್ದು ಓದು ಬಾರದಿದ್ದರೆ ಅದು ಡಿಸ್ಲೆಕ್ಸಿಯಾ. 1975ರ ಅಮೆರಿಕದ ಕಾಯಿದೆಯೂ ಬಡತನದಿಂದ, ಸಾಮಾಜಿಕ ಹಿನ್ನಡೆಯಿಂದ ಬಂದ ಕಲಿಕೆಯ ತೊಡಕನ್ನು ಹೊರಗಿಟ್ಟಿತು. 2013ರ ವೈದ್ಯಕೀಯ ಕೈಪಿಡಿಯಲ್ಲೂ ಪಾಠ ಸರಿಯಿಲ್ಲದ ಕಾರಣಕ್ಕೆ ಓದು ಬಾರದಿದ್ದರೆ ಅದನ್ನು ಇದಕ್ಕೆ ಸೇರಿಸಬಾರದು ಅಂತಿದೆ.

ಡಾಕ್ಟರರ ಲೆಕ್ಕದಲ್ಲಿ ಇದು ತಪ್ಪಲ್ಲ. ಕಲಿಸದೇ ಇದ್ದವನಿಗೆ ರೋಗದ ಹೆಸರು ಕೊಡಬಾರದಲ್ಲ. ಆದರೆ ನಮ್ಮ ಕೇರಿಯಿಂದ ನೋಡಿರಿ. ಸರಿಯಾದ ಪಾಠ ಸಿಕ್ಕವನಿಗೆ ಮಾತ್ರ ಈ ಹೆಸರು. ಸಿಗದವನಿಗೆ ಹಳೆಯ ಹೆಸರೇ, ದಡ್ಡ. ನಮ್ಮ ಅಣ್ಣನಿಗೆ ಡಿಸ್ಲೆಕ್ಸಿಯಾ ಇತ್ತೋ, ಅಥವಾ ನಲವತ್ತೈದು ಹುಡುಗರ ಕೋಣೆಯಲ್ಲಿ ಅವನಿಗೆ ಪಾಠವೇ ಮುಟ್ಟಲಿಲ್ಲವೋ, ಯಾರೂ ನೋಡಲಿಲ್ಲ. ನೋಡುವ ಕಣ್ಣಿದ್ದರೂ ಲಕ್ಷಣದ ಪ್ರಕಾರ ಅವನು ಹೊಸ್ತಿಲ ಹೊರಗೇ. ಬಡವನ ಮಗು ಓದದಿದ್ದರೆ ಬಡತನ ಕಾರಣ, ದಲಿತನ ಮಗು ಓದದಿದ್ದರೆ ಜಾತಿ ಕಾರಣ, ಸಾಹುಕಾರನ ಮಗು ಓದದಿದ್ದರೆ ತಜ್ಞರ ಹತ್ತಿರ ಕರಕೊಂಡು ಹೋಗಬೇಕು. 1856ರ ಹೊಸ್ತಿಲಿಗೂ ಇದಕ್ಕೂ ನಂಟಿದೆ ಅಂತ ನಮಗೆ ಅನಿಸುತ್ತದೆ.

5

'ಇದು ಇಂಗ್ಲಿಷಿನವರ ರೋಗ. ಅವರದು ಬರೆಯುವುದೊಂದು ಓದುವುದೊಂದು. ಕನ್ನಡ ಬರೆದಂತೆ ಓದುವ ಭಾಷೆ, ನಮಗೆ ಇದು ಬಾರದು' ಎಂಬ ಮಾತು ಬಹಳ ಮಂದಿ ಆಡುತ್ತಾರೆ. ಇದಕ್ಕೆ ಉತ್ತರ ಮೈಸೂರಿನಿಂದ ಬಂದಿದೆ.

ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಮಾಸ್ತರರನ್ನು ತಯಾರು ಮಾಡುವ ಸಂಸ್ಥೆ, 1963ರಿಂದ ಇದೆ. ಅಲ್ಲಿಯ ಎಸ್. ರಮಾ ಅವರು 1980ರ ದಶಕದಲ್ಲಿ ಕನ್ನಡ ಶಾಲೆಯ ಮಕ್ಕಳನ್ನೇ ಇಟ್ಟುಕೊಂಡು ಡಿಸ್ಲೆಕ್ಸಿಯಾ ಗುರುತಿಸುವುದು ಹೇಗೆ, ಅಂಥ ಮಕ್ಕಳಿಗೆ ಕಲಿಸುವುದು ಹೇಗೆ ಅಂತ ಸಂಶೋಧನೆ ಮಾಡಿದರು. 1993ರಲ್ಲಿ ಅವರು ಎಂ. ಎಸ್. ಲಲಿತಮ್ಮ ಮತ್ತು ವೇಲ್ಸಿನ ಟಿ. ಆರ್. ಮೈಲ್ಸ್ ಜೊತೆ ಬರೆದ ಪ್ರಬಂಧ, ಕನ್ನಡದ ಮಕ್ಕಳಲ್ಲೂ ಈ ತೊಡಕು ಇದೆ ಅಂತ ಲೋಕದ ಮುಂದೆ ಇಟ್ಟಿತು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಸುತ್ತ ಬೆಳೆದ ಪ್ರತಿಭಾ ಕಾರಂತರಂಥವರು ಕನ್ನಡ ಓದಿನ ಒಳಗನ್ನು ಬಿಡಿಸಿ ನೋಡಿದರು. ಬೆಂಗಳೂರಿನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಪ್ರತಿಯೊಬ್ಬ ಮಾಸ್ತರರ ಕೈಯಲ್ಲಿ ಇರಬೇಕಾದದ್ದು. ಇಂಗ್ಲಿಷಿನ 26 ಅಕ್ಷರದಂತೆ ಕನ್ನಡದ ಅಕ್ಷರ ಒಂದು ವರ್ಷದಲ್ಲಿ ಮುಗಿಯುವುದಿಲ್ಲ. ಮೂರನೆಯ, ನಾಲ್ಕನೆಯ ಇಯತ್ತೆಯ ತನಕ ಮಕ್ಕಳು ಅಕ್ಷರ ಕಲಿಯುತ್ತಲೇ ಇರುತ್ತಾರೆ ಅಂತ ಅದು ತೋರಿಸಿತು.

ಲೆಕ್ಕ ಹಾಕಿ ನೋಡಿರಿ. ವರ್ಣಮಾಲೆಯಲ್ಲಿ 34 ವ್ಯಂಜನ, 13 ಸ್ವರ. ಒಂದೊಂದು ವ್ಯಂಜನಕ್ಕೂ ತಲಕಟ್ಟು, ಇಳಿ, ಗುಡಿಸು, ಕೊಂಬು ಹಚ್ಚುತ್ತ ಹೋದರೆ 442 ರೂಪ. ಒತ್ತಕ್ಷರ ಬೇರೆ. ಒಂದನೆಯ ಇಯತ್ತೆ ಮುಗಿದ ಕೂಡಲೇ 'ಅಕ್ಷರ ಮುಗೀತು, ಇನ್ನು ಪಾಠ' ಅನ್ನುವ ಮಾಸ್ತರರಿಗೆ ಈ ಲೆಕ್ಕ ಯಾರೂ ಹೇಳಿಕೊಟ್ಟಿಲ್ಲ. ಮನೆಯಲ್ಲಿ ಪುಸ್ತಕ ಇರುವ ಮಗುವಿಗೆ ಉಳಿದದ್ದನ್ನು ಅವ್ವ ಕಲಿಸುತ್ತಾಳೆ. ಅವ್ವ ಹೆಬ್ಬೆಟ್ಟಿನವಳಾದರೆ ಮಗು ಅಲ್ಲಿಗೇ ನಿಂತಿತು.

ಇನ್ನೊಂದು ಉದಾಹರಣೆ ನಮ್ಮ ಮೈಮೇಲಿನದು. ಪುಸ್ತಕದಲ್ಲಿ 'ಶಾಲೆ' ಅಂತ ಇದೆ. ನಮ್ಮ ಹುಡುಗ 'ಸಾಲಿ' ಅಂತ ಓದಿದ. ಬಿತ್ತು ಏಟು. ಏಟು ಹೊಡೆದವರು ಒಂದು ಕ್ಷಣ ಯೋಚಿಸಲಿಲ್ಲ: ಆ ಹುಡುಗ ಅಕ್ಷರ ನೋಡಿದ, ಅರ್ಥ ಹಿಡಿದ, ತನ್ನ ಮಾತಿಗೆ ತಂದ. ಅವನು ಓದಿದ್ದಾನೆ! ಓದು ಅಂದರೆ ಅದೇ. 'ಭಾರತ'ವನ್ನು 'ಬಾರತ' ಅಂದವನೂ ಓದಿದ್ದಾನೆ. ಉಚ್ಚಾರದ ಬೇರೆತನವನ್ನೂ ಓದಿನ ತೊಡಕನ್ನೂ ಬೇರೆ ಮಾಡಿ ನೋಡಲು ಮಾಸ್ತರರಿಗೆ ಕಲಿಸಿರಬೇಕಾಗುತ್ತದೆ. ಕಲಿಸದಿದ್ದರೆ ಅವರು ಕೇರಿಯ ಮಾತನ್ನೇ ರೋಗ ಅನ್ನುತ್ತಾರೆ, ನಿಜವಾದ ತೊಡಕನ್ನು ಕೇರಿಯ ಗುಣ ಅನ್ನುತ್ತಾರೆ. ಎರಡೂ ಕಡೆ ಸೋಲುವವನು ಹುಡುಗನೇ.

ಒಳ್ಳೆಯದೂ ಆಗಿದೆ, ಹೇಳಬೇಕು. ನಾವು ಕಲಿಯುವ ಹೊತ್ತಿಗೆ ಪುಸ್ತಕ ಅ ಆ ಇ ಈ ಬಿಟ್ಟು ರ ಗ ಸ ದ ಅ ದಿಂದ ಶುರುವಾಗುತ್ತಿತ್ತು. ಐದು ಅಕ್ಷರ ಬಂದ ಕೂಡಲೇ ಮಗು ಶಬ್ದ ಕಟ್ಟಬಹುದು: ಸರ, ದರ, ಗರಗಸ. ಅದೇ ಅಕ್ಷರದಲ್ಲಿ ಅರಸನೂ ಆಗುತ್ತಾನೆ, ಅಗಸನೂ ಆಗುತ್ತಾನೆ. ಅಕ್ಷರಕ್ಕೆ ಮೇಲುಕೀಳು ಗೊತ್ತಿಲ್ಲ. 1995ರಲ್ಲಿ ಎಚ್. ಡಿ. ಕೋಟೆ ತಾಲ್ಲೂಕಿನಲ್ಲಿ ಮಾಸ್ತರರೇ ಕೂತು ಕಟ್ಟಿದ ನಲಿ ಕಲಿ 2009ರ ಸುಮಾರಿಗೆ ನಾಡಿನ ಸರಕಾರಿ ಶಾಲೆಗಳಿಗೆಲ್ಲ ಬಂತು. ಪ್ರತಿ ಮಗು ತನ್ನ ಮೆಟ್ಟಿಲಲ್ಲಿ ನಿಂತು ತನ್ನ ವೇಗದಲ್ಲಿ ಏರಬೇಕು ಎಂಬ ತತ್ವ ಅದರದು. ಆದರೆ ಒಂದೇ ಮೆಟ್ಟಿಲ ಮೇಲೆ ಆರು ತಿಂಗಳು ನಿಂತ ಮಗುವಿಗೆ ಏನು ಮಾಡಬೇಕು? ಆ ವಿದ್ಯೆ ತರಬೇತಿಯಲ್ಲಿ ಗಟ್ಟಿಯಾಗಿ ಸಿಗದಿದ್ದರೆ ಕಾರ್ಡು ಬದಲಾಗುತ್ತದೆ, ಮಗು ಅಲ್ಲೇ ಇರುತ್ತದೆ.

6

2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯಿದೆ ಬಂತು. ಅದು ಗುರುತಿಸಿದ 21 ನ್ಯೂನತೆಗಳಲ್ಲಿ ಕಲಿಕೆಯ ತೊಡಕೂ, ಅದರೊಳಗೆ ಡಿಸ್ಲೆಕ್ಸಿಯಾವೂ ಸೇರಿದೆ. ಮಕ್ಕಳಲ್ಲಿ ಇದನ್ನು ಆದಷ್ಟು ಬೇಗ ಗುರುತಿಸಿ, ತಕ್ಕ ಪಾಠದ ಕ್ರಮ ಕೈಕೊಳ್ಳುವುದು ಶಾಲೆಗಳ ಕರ್ತವ್ಯ ಅಂತ ಕಾಯಿದೆ ಹೇಳುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯದಂಥ ರಿಯಾಯತಿಗಳಿವೆ. ಆದರೆ ಎಲ್ಲಕ್ಕೂ ಸರ್ಟಿಫಿಕೇಟು ಬೇಕು. ಸರ್ಟಿಫಿಕೇಟಿಗೆ ಡಾಕ್ಟರು, ಮನಶ್ಶಾಸ್ತ್ರಜ್ಞರು, ಪರೀಕ್ಷೆ, ಓಡಾಟ. ದಿನಗೂಲಿ ಬಿಟ್ಟು ಓಡಾಡುವವರು ಯಾರು? ಎಸ್ಸೆಸ್ಸೆಲ್ಸಿಯ ರಿಯಾಯತಿ ಎಸ್ಸೆಸ್ಸೆಲ್ಸಿ ತನಕ ಮುಟ್ಟಿದವನಿಗೆ. ನಮ್ಮ ಅಣ್ಣ ಐದಕ್ಕೇ ದುರ್ಗದಬೈಲು ಮುಟ್ಟಿದ್ದ.

ಗೆಳೆಯರೆ, ನಮ್ಮ ಬೇಡಿಕೆ ಹೆಸರಿನದಲ್ಲ. ರೋಗದ ಹೆಸರಿಗಾಗಿ ಕಾಯುತ್ತ ಕೂಡ್ರುವುದು ಬೇಡ. ತೊಡಕು ಹುಟ್ಟಿನದೋ, ಬಡತನದ್ದೋ, ಕೆಟ್ಟ ಪಾಠದ್ದೋ, ಮೊದಲು ಮಾಡಬೇಕಾದ ಕೆಲಸ ಒಂದೇ: ಧ್ವನಿ ಬಿಡಿಸಿ, ಅಕ್ಷರ ಕೂಡಿಸಿ, ಅವಸರ ಮಾಡದೆ, ಹೊಡೆಯದೆ ಕಲಿಸುವುದು. ಹಾಗೆ ಕಲಿಸಿದ ಮೇಲೂ ನಿಂತ ಮಗುವಿಗೆ ತಜ್ಞರು ಬೇಕು, ಅವರು ಕನ್ನಡದಲ್ಲಿ, ಜಿಲ್ಲೆಯಲ್ಲೇ, ಪುಕ್ಕಟೆ ಸಿಗಬೇಕು. ಮಾಸ್ತರಿಕೆಯ ಡಿಪ್ಲೊಮಾ ಪಡೆಯುವ ಪ್ರತಿಯೊಬ್ಬರೂ ಓದು ಬಾರದ ಒಂದು ಮಗುವಿಗೆ ಓದು ಕಲಿಸಿ ತೋರಿಸಿದ ಮೇಲೆಯೇ ಪಾಸಾಗಬೇಕು. ಈಜು ಬಾರದವನಿಗೆ ಅಂಬಿಗನ ಕೆಲಸ ಕೊಡುತ್ತೇವೆಯೆ?

ಮಾಸ್ತರರನ್ನು ಬೈದು ಮುಗಿಸಲು ಇದನ್ನು ಬರೆಯಲಿಲ್ಲ. ಈಗ ಮಾಸ್ತರರಲ್ಲಿ ನಮ್ಮವರೂ ಇದ್ದಾರೆ. ಅವರ ಬಾಯಲ್ಲೂ 'ಹತ್ತಂಗಿಲ್ಲ' ಕೇಳಿದ್ದೇವೆ, ಅದು ಹೆಚ್ಚು ನೋಯುತ್ತದೆ. ಕಲಿಸದೆ ಕಳಿಸಿದ ವ್ಯವಸ್ಥೆ ಅವರನ್ನೂ ಬರಿಗೈಯಲ್ಲಿ ನಿಲ್ಲಿಸಿದೆ. ನಾವೂ ಹೊರತಲ್ಲ. ಸಣ್ಣವರಿದ್ದಾಗ ಅಣ್ಣ ತಡವರಿಸಿದರೆ ಮುಂದಿನ ಶಬ್ದ ನಾವೇ ಓದಿ ನಗುತ್ತಿದ್ದೆವು. ಪದ್ಯ ಬರೆಯುವ ಈ ಕೈಗೆ ಆ ನಗೆಯ ನೆನಪಿದೆ.

ಎರಡು ತಿಂಗಳಿಂದ ಸಂಜೆ ಅಣ್ಣನ ಮಗನನ್ನು ಕೂಡ್ರಿಸಿಕೊಳ್ಳುತ್ತೇವೆ. ಪುಸ್ತಕ ಮುಚ್ಚಿಟ್ಟು ಮೊದಲು ಬಾಯಾಟ: 'ಗರಗಸ'ದಾಗ ಮೊದಲಿನ ಅಕ್ಷರ ಬಿಟ್ಟು ಹೇಳು. ಮೊದಮೊದಲು ಅವನಿಗೆ ಬರಲಿಲ್ಲ. ಈಗ 'ರಗಸ' ಅನ್ನುತ್ತಾನೆ. ಆಮೇಲೆ ಪರಾತದಲ್ಲಿ ಜ್ವಾಳದ ಹಿಟ್ಟು ಹರವಿ, ಕೊಂಬು ಅಂದರೆ ಬೆರಳು ಹೀಗೆ, ಗುಡಿಸು ಅಂದರೆ ಹೀಗೆ, ಅನ್ನುತ್ತ ತಿದ್ದುವುದು. ಒಂದು ವಾರಕ್ಕೆ ಎರಡೇ ಗುರುತು. ಪವಾಡ ಏನೂ ಆಗಿಲ್ಲ. ಹೋದ ವಾರ ನಾಲ್ಕು ಸಾಲು ಓದಿದ, ಅಳದೆ ಓದಿದ.

ಅಂದು ಅಣ್ಣ ಗಾಡಿ ಬಿಟ್ಟು ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಬಹಳ ಹೊತ್ತು ನಿಂತ. ಆಮೇಲೆ ಮಗನ ಪಕ್ಕ ಕೂತು ಹಿಟ್ಟಿನೊಳಗೆ ತಾನೂ ಒಂದು ಕೊಂಬು ಎಳೆದ. ಗಂಟು ಎತ್ತಿ ಎತ್ತಿ ದಪ್ಪಾದ ಬೆರಳು. ಎಳೆದು ನಮ್ಮನ್ನು ಕೇಳಿದ:

"ತಮ್ಮಾ, ಹಿಂಗ ಕಲಸಾಕ ಬರ್ತಿತ್ತಂದ್ರ, ನನಗ್ಯಾಕ ಯಾರೂ ಕಲಸಲಿಲ್ಲ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಈ ಪ್ರಶ್ನೆಯನ್ನು ಇಲ್ಲಿ ಬರೆದಿದ್ದೇವೆ, ಕಲಿಸುವವರು ಓದಲಿ ಅಂತ.